ಮೂರರಲ್ಲಿ ಎರಡನ್ನೇ ಕೊಡುವ ಪೆಟ್ಟಿಗೆ

ಕುಂದಾಪುರದ ಕಡೆ ದೂರದಲ್ಲಿರುವವರನ್ನು ಕರೆಯಲು ಒಂದೇ ಶಬ್ದ ಸಾಕು: ‘ಹ್ವಾಯ್’. ಗದ್ದೆಯ ಈ ಅಂಚಿನಿಂದ ಆ ಅಂಚಿಗೆ, ಹೊಳೆಯ ಈ ದಡದಿಂದ ಆಚೆ ದಡದ ದೋಣಿಯವನಿಗೆ ಆ ಕೂಗು ಮುಟ್ಟುತ್ತಿತ್ತು. ಅದಕ್ಕಿಂತ ದೂರ ಹೋಗಬೇಕಾದ ಸುದ್ದಿಗೆ ಚಂಡೆ ಇತ್ತು. ಸಂಜೆ ಚಂಡೆಯ ಪೆಟ್ಟು ಕೇಳಿತೆಂದರೆ ಇಂದು ಎಲ್ಲೋ ಆಟವಿದೆ ಎಂದು ಸುತ್ತಲಿನ ಊರಿಗೆಲ್ಲ ತಿಳಿಯುತ್ತಿತ್ತು. ದನಿಯನ್ನು ದೂರಕ್ಕೆ ಮುಟ್ಟಿಸುವ ಚಿಂತೆ ಈ ಸೀಮೆಗೆ ಹೊಸದಲ್ಲ.

ಇಂದು ಅದೇ ಚಿಂತೆ ಇನ್ನೊಂದು ರೂಪದಲ್ಲಿ ಎದುರಾಗುತ್ತದೆ. ರಸಮಂಜರಿಗಳಲ್ಲಿ, ಇಗರ್ಜಿಯ ಗಾಯನ ವೃಂದದಲ್ಲಿ, ಕಾಲೇಜು ವಾರ್ಷಿಕೋತ್ಸವಗಳಲ್ಲಿ ಗಿಟಾರ್ ನುಡಿಸುವ ತರುಣರು ಕುಂದಾಪುರದಲ್ಲೂ ಇದ್ದಾರೆ, ಬೈಂದೂರಿನಲ್ಲೂ ಬ್ರಹ್ಮಾವರದಲ್ಲೂ ಇದ್ದಾರೆ. ಇಂದು ಇಲ್ಲಿ, ನಾಳೆ ಅಲ್ಲಿ. ಬಸ್ಸಿನಲ್ಲೋ ಬೈಕಿನ ಹಿಂಬದಿಯಲ್ಲೋ ಒಯ್ಯಬಹುದಾದ ಪುಟ್ಟದೊಂದು ಸ್ಪೀಕರ್ ಪೆಟ್ಟಿಗೆ ಬೇಕು. ಯಾವುದನ್ನು ಕೊಳ್ಳುವುದು? ಅಂಗಡಿಯಲ್ಲಿ ಕೇಳಿದರೆ ಉತ್ತರ ಬರುವುದು ವ್ಯಾಟ್ ಲೆಕ್ಕದಲ್ಲಿ. ಆದರೆ ಸರಿಯಾದ ಉತ್ತರ ವ್ಯಾಟ್‌ನಲ್ಲಿಲ್ಲ. ‘ಎಷ್ಟು ಹೊರಬಲ್ಲೆವು, ಎಷ್ಟು ದೂರ ಕೇಳಿಸಬೇಕು?’ ಎಂಬ ಈ ಪ್ರಶ್ನೆಯನ್ನು ಗಿಟಾರ್ ಬರುವುದಕ್ಕೆ ಎಷ್ಟೋ ಮೊದಲೇ ಇಲ್ಲಿನ ಯಕ್ಷಗಾನ ಮೇಳಗಳು ಕೇಳಿಕೊಂಡಿದ್ದವು. ಒಂದೊಂದು ಕಾಲದಲ್ಲಿ ಒಂದೊಂದು ಉತ್ತರ ಕಂಡುಕೊಂಡವು. ಪ್ರತಿ ಉತ್ತರಕ್ಕೂ ಒಂದು ಬೆಲೆ ತೆತ್ತವು.

ತಲೆಹೊರೆಯ ಕಾಲ

ಮಂದಾರ್ತಿ, ಮಾರಣಕಟ್ಟೆ, ಕಮಲಶಿಲೆ, ಸೌಕೂರು, ಸಾಲಿಗ್ರಾಮ... ಬಡಗುತಿಟ್ಟಿನ ಮೇಳಗಳ ಹೆಸರು ಹೇಳಿದರೆ ಈ ಸೀಮೆಯ ಭೂಪಟವನ್ನೇ ಓದಿದಂತಾಗುತ್ತದೆ. ಮಳೆಗಾಲ ಮುಗಿದು ದೀಪಾವಳಿ ಕಳೆಯುವ ಹೊತ್ತಿಗೆ ಮೇಳ ಹೊರಟರೆ ಮರಳಿ ಗೆಜ್ಜೆ ಬಿಚ್ಚುವುದು ಮುಂದಿನ ಮಳೆಗಾಲದ ಹೊಸ್ತಿಲಲ್ಲಿ. ಇದಕ್ಕೆ ‘ತಿರುಗಾಟ’ ಎಂದೇ ಹೆಸರು. ಪ್ರತಿ ರಾತ್ರಿ ಹೊಸ ಬಯಲು, ಹೊಸ ಪ್ರೇಕ್ಷಕರು.

ವಾಹನ ಸೌಕರ್ಯವಿಲ್ಲದ ದಿನಗಳಲ್ಲಿ ಕಲಾವಿದರು ನಡೆದೇ ಹೋಗುತ್ತಿದ್ದರು. ವೇಷಭೂಷಣದ ಪೆಟ್ಟಿಗೆಗಳು ಆಳುಗಳ ತಲೆಯ ಮೇಲೆ ಹೋಗುತ್ತಿದ್ದವು. ಸೌಪರ್ಣಿಕಾ, ವಾರಾಹಿ, ಚಕ್ರಾ ನದಿಗಳು ಸೀಳಿಕೊಂಡು ಹರಿಯುವ ನಾಡು ಇದು. ಸೇತುವೆ ಇಲ್ಲದ ಕಡೆ ಪೆಟ್ಟಿಗೆ ದೋಣಿ ಏರಬೇಕು. ಹಾಗಾಗಿ ಮೇಳದ ಸಾಮಾನಿಗೆಲ್ಲ ಒಂದೇ ಅಳತೆಗೋಲು. ಮನುಷ್ಯ ಹೊರಬಲ್ಲದ್ದಷ್ಟೇ ಮೇಳದಲ್ಲಿ ಇರಬಹುದು.

ಆಗ ದನಿಯನ್ನು ದೊಡ್ಡದು ಮಾಡುವ ಯಂತ್ರವಿರಲಿಲ್ಲ. ಆ ಕೆಲಸ ಭಾಗವತರ ಕಂಠದ್ದೇ. ಏರು ಶ್ರುತಿಯಲ್ಲಿ ಹಾಡಿದರೆ ಮಾತ್ರ ಚಂಡೆ ಮದ್ದಳೆಗಳನ್ನು ಮೀರಿ ಪದ್ಯ ಕೇಳಿಸುತ್ತಿತ್ತು. ಮನುಷ್ಯನ ಕಿವಿಗೆ ಅತಿ ಚೆನ್ನಾಗಿ ನಾಟುವುದು ನಡು ಮತ್ತು ಮೇಲು ಸ್ಥಾಯಿಯ ಶಬ್ದವೇ. ಅದನ್ನು ಯಾವ ಪುಸ್ತಕವೂ ಹೇಳಿಕೊಡದೆ ಭಾಗವತರು ಅನುಭವದಿಂದ ಕಂಡುಕೊಂಡಿದ್ದರು. ಪ್ರೇಕ್ಷಕರೂ ತಮ್ಮ ಪಾಲಿನ ಕೆಲಸ ಮಾಡುತ್ತಿದ್ದರು. ರಂಗಸ್ಥಳದ ಹತ್ತಿರ, ಸುತ್ತ ಮುತ್ತಿಕೊಂಡು ಕೂರುತ್ತಿದ್ದರು. ದೂರ ಕುಳಿತವನಿಗೆ ಮಾತು ಕೇಳದಿದ್ದರೆ ಅವನು ಎದ್ದು ಹತ್ತಿರ ಬರಬೇಕಿತ್ತು.

ತಗಡಿನ ಕಹಳೆ

ಈ ಲೆಕ್ಕವನ್ನು ತಲೆಕೆಳಗು ಮಾಡಿದ್ದು ಹಾರ್ನ್. ಧ್ವನಿವರ್ಧಕದ ಕಥೆ ಶುರುವಾಗುವುದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಪೀಟರ್ ಜೆನ್ಸನ್ ಮತ್ತು ಎಡ್ವಿನ್ ಪ್ರಿಡಮ್ ಎಂಬ ಇಬ್ಬರು ಕಹಳೆಯಾಕಾರದ ತಮ್ಮ ಯಂತ್ರವನ್ನು 1915ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಜನಸ್ತೋಮದ ಮುಂದೆ ಪ್ರದರ್ಶಿಸಿದರು. ಹತ್ತು ವರ್ಷದ ಬಳಿಕ, 1925ರಲ್ಲಿ, ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಎಂಬ ಇಂಜಿನಿಯರುಗಳು ಕಾಗದದ ಶಂಕುವನ್ನೇ ಅಲುಗಿಸಿ ದನಿ ಹೊರಡಿಸುವ ಸ್ಪೀಕರಿನ ವಿವರ ಪ್ರಕಟಿಸಿದರು. ಇಂದಿಗೂ ರೇಡಿಯೊದಿಂದ ಗಿಟಾರ್ ಪೆಟ್ಟಿಗೆಯವರೆಗೆ ಬಹುಪಾಲು ಸ್ಪೀಕರುಗಳು ಇದೇ ವಂಶದವು.

ಭಾರತದಲ್ಲಿ ಹಾರ್ನನ್ನು ಮನೆಮಾತಾಗಿಸಿದ್ದು ರಾಜಕೀಯ ಸಭೆಗಳು. ಮೋಟ್ವಾನೆ ಕುಟುಂಬದ ‘ಷಿಕಾಗೊ ರೇಡಿಯೊ’ ಸಂಸ್ಥೆ ಸ್ವಾತಂತ್ರ್ಯ ಚಳವಳಿಯ ಕಾಲದಲ್ಲಿ ಕಾಂಗ್ರೆಸ್ ಸಭೆಗಳಿಗೆ ಧ್ವನಿವರ್ಧಕ ಒದಗಿಸುತ್ತಿತ್ತು. 1940ರಲ್ಲಿ ದೆಹಲಿಯಲ್ಲಿ ಆರಂಭವಾದ ಅಹುಜಾ ಸಂಸ್ಥೆಯ ಹೆಸರು ಮುಂದೆ ಊರೂರಿನ ಮೈಕ್ ಸೆಟ್ ಬಾಡಿಗೆ ಅಂಗಡಿಗಳಲ್ಲಿ ಆಂಪ್ಲಿಫೈಯರ್ ಎಂಬುದಕ್ಕೇ ಪರ್ಯಾಯವೆಂಬಂತಾಯಿತು.

ಹಳ್ಳಿಗಳಿಗೆ ಹಾರ್ನ್ ಹೇಳಿ ಮಾಡಿಸಿದಂತಿತ್ತು. ತಗಡಿನ ಕಹಳೆ ಹಗುರ. ಒಬ್ಬನೇ ಹೊತ್ತು ತೆಂಗಿನ ಮರಕ್ಕೆ ಕಟ್ಟಬಹುದು. ಬಿಸಿಲು, ಇಬ್ಬನಿಗೆ ಜಗ್ಗುವುದಿಲ್ಲ. ಕರೆಂಟು ಇಲ್ಲದ ಊರಿನಲ್ಲಿ ಕಾರಿನ 12 ವೋಲ್ಟ್ ಬ್ಯಾಟರಿಯಿಂದಲೂ ಆಂಪ್ಲಿಫೈಯರ್ ನಡೆಯುತ್ತಿತ್ತು. ಎಲ್ಲಕ್ಕಿಂತ ಮುಖ್ಯವಾದದ್ದು, ಅಷ್ಟೇ ಶಕ್ತಿಗೆ ಅದು ಕೊಡುವ ಶಬ್ದ. ಕಹಳೆಯ ಆಕಾರ ಒಳಗಿನ ಪುಟ್ಟ ಪೊರೆಯ ಕಂಪನವನ್ನು ಹೊರಗಿನ ಗಾಳಿಗೆ ಪೋಲಾಗದಂತೆ ದಾಟಿಸುತ್ತದೆ, ಒಂದೇ ದಿಕ್ಕಿಗೆ ತಿರುಗಿಸುತ್ತದೆ. ಹೀಗಾಗಿ ಕೆಲವೇ ವ್ಯಾಟ್‌ಗಳಲ್ಲಿ ಇಡೀ ಬಯಲು ತುಂಬುತ್ತದೆ.

ಆದರೆ ಹಾರ್ನಿನಲ್ಲಿ ಕೇಳಿದ ಆಟದಲ್ಲಿ ಏನೋ ಕಡಿಮೆಯಾಗಿರುತ್ತಿತ್ತು. ಮಾತು ಸ್ಪಷ್ಟ, ಪದ್ಯ ಸ್ಪಷ್ಟ, ಚಂಡೆಯಂತೂ ಇನ್ನೂ ಚುರುಕು. ಕಾಣೆಯಾದದ್ದು ಮದ್ದಳೆಯ ಎಡಬದಿಯ ಗುಂಕಾರ. ಸಣ್ಣ ಕಹಳೆ ಕೆಳಸ್ಥಾಯಿಯ ಶಬ್ದವನ್ನು ಹೊರಡಿಸಲಾರದು. ಅದಕ್ಕೆ ಬೇಕಾದ ಉದ್ದ, ಬಾಯಗಲ ಆ ತಗಡಿನಲ್ಲಿ ಇಲ್ಲ. ಸೋಗೆಯ ಚಪ್ಪರದ ಹತ್ತಿರ ಕುಳಿತವರಿಗೆ ನೇರವಾಗಿ ಕೇಳುತ್ತಿದ್ದ ಗುಂಕಾರ ದೂರದ ಮನೆಯವರಿಗೆ ಕೇಳಲೇ ಇಲ್ಲ.

ಹಾಫ್‌ಮನ್ ಹಾಕಿದ ಲೆಕ್ಕ

ಇದು ಹಾರ್ನ್ ಮಾಡಿದವರ ತಪ್ಪಲ್ಲ, ಭೌತಶಾಸ್ತ್ರದ ಕಟ್ಟಳೆ. ಅಮೆರಿಕದ ಕೆಎಲ್‌ಎಚ್ ಎಂಬ ಸ್ಪೀಕರ್ ಕಂಪನಿಯನ್ನು 1957ರಲ್ಲಿ ಮೂವರು ಸೇರಿ ಸ್ಥಾಪಿಸಿದರು. ಹೆಸರಿನ ‘ಎಚ್’ ಅಕ್ಷರ ಅವರಲ್ಲೊಬ್ಬರಾದ ಆಂಟನ್ ಹಾಫ್‌ಮನ್ ಅವರದು. ಅವರ ಹೆಸರಿನಲ್ಲಿ ಒಂದು ‘ಉಕ್ಕಿನ ನಿಯಮ’ ಪ್ರಸಿದ್ಧವಾಗಿದೆ. ಸ್ಪೀಕರ್ ಪೆಟ್ಟಿಗೆಯಿಂದ ಜನ ಬಯಸುವುದು ಮೂರು: ಪೆಟ್ಟಿಗೆ ಚಿಕ್ಕದಿರಬೇಕು, ಕೆಳಸ್ಥಾಯಿ ಆಳವಾಗಿ ಕೇಳಬೇಕು, ಕಡಿಮೆ ಶಕ್ತಿಯಲ್ಲಿ ಹೆಚ್ಚು ಶಬ್ದ ಬರಬೇಕು. ನಿಯಮ ಹೇಳುವುದಿಷ್ಟೇ: ಮೂರರಲ್ಲಿ ಯಾವ ಎರಡನ್ನಾದರೂ ಆರಿಸಿಕೊಳ್ಳಿ, ಮೂರನೆಯದನ್ನು ಬಿಟ್ಟುಕೊಡಿ.

ಕಾರಣ ಸರಳ. ಕೆಳಸ್ಥಾಯಿ ಶಬ್ದಕ್ಕೆ ಬಹಳ ಗಾಳಿಯನ್ನು ದೂಡಬೇಕು. ಪೆಟ್ಟಿಗೆ ಚಿಕ್ಕದಾದರೆ ಅದರೊಳಗಿನ ಗಾಳಿ ಬಿಗಿಯಾದ ಸ್ಪ್ರಿಂಗಿನಂತೆ ಕಾಗದದ ಶಂಕುವನ್ನು ಹಿಡಿದಿಡುತ್ತದೆ. ಅದನ್ನು ಮೀರಿ ಆಳದ ಸ್ವರ ಹೊರಡಿಸಲು ಶಂಕುವನ್ನು ಭಾರ ಮಾಡಬೇಕು. ಭಾರವಾದದ್ದನ್ನು ಅಲುಗಿಸಲು ಶಕ್ತಿ ಹೆಚ್ಚು ಬೇಕು. ಎಲ್ಲಿಂದ ಹೊರಟರೂ ಮೂರರಲ್ಲಿ ಒಂದು ಕೈಬಿಡುತ್ತದೆ.

ಈ ಮಾತನ್ನು ಮುಂದಿಟ್ಟುಕೊಂಡು ನೋಡಿದರೆ ನಮ್ಮ ಬಯಲಿನ ಚರಿತ್ರೆ ತಾನಾಗಿ ಅರ್ಥವಾಗುತ್ತದೆ. ಹಾರ್ನಿನ ಕಾಲ ಹಗುರವನ್ನೂ ದೊಡ್ಡ ಶಬ್ದವನ್ನೂ ಆರಿಸಿತು, ಆಳವನ್ನು ಬಿಟ್ಟುಕೊಟ್ಟಿತು.

ಡೇರೆ, ಲಾರಿ, ದೊಡ್ಡ ಪೆಟ್ಟಿಗೆ

1950ರ ದಶಕದ ನಂತರ ಕರಾವಳಿಯಲ್ಲಿ ಡೇರೆ ಮೇಳಗಳು ಬೆಳೆದವು. ಟಿಕೆಟಿನ ಆಟ, ಬೆಂಚು ಕುರ್ಚಿ, ಹಿಂದಿನ ಸಾಲಿನವರೆಗೂ ಜನ. ಹಣ ಕೊಟ್ಟು ಬಂದವನು ಮಾತು ಕೇಳಲಿಲ್ಲವೆಂದು ಎದ್ದು ಮುಂದೆ ಬರುವಂತಿಲ್ಲ. ಮೈಕು ಅಲಂಕಾರವಾಗಿ ಉಳಿಯದೆ ಅಗತ್ಯವಾಯಿತು. ಮೇಳಕ್ಕೆ ಲಾರಿಗಳು ಬಂದವು. ಲಾರಿ ಇದ್ದ ಮೇಲೆ ಮನುಷ್ಯ ಹೊರುವ ತೂಕದ ಮಿತಿ ಹೋಯಿತು. ರಂಗದ ಎರಡೂ ಬದಿಗೆ ಮರದ ದೊಡ್ಡ ಸ್ಪೀಕರ್ ಪೆಟ್ಟಿಗೆಗಳು ನಿಂತವು. ಕಳೆದುಹೋಗಿದ್ದ ಮದ್ದಳೆಯ ಗುಂಕಾರ ಮರಳಿ ಬಂತು. ಈ ಕಾಲ ಆಳವನ್ನೂ ಶಬ್ದವನ್ನೂ ಆರಿಸಿತು. ಬಿಟ್ಟುಕೊಟ್ಟದ್ದು ಹಗುರತನವನ್ನು.

ಹಾಡುಗಾರಿಕೆಯೂ ಬದಲಾಯಿತು. ಕಂಠವೇ ಬಯಲು ತುಂಬಬೇಕಾದ ಒತ್ತಡ ಇಳಿದಾಗ ಶ್ರುತಿ ಇಳಿಯಿತು, ರಾಗದ ಬಳುಕಿಗೆ ಎಡೆ ಸಿಕ್ಕಿತು. ಬ್ರಹ್ಮಾವರ ಸಮೀಪದ ಗುಂಡ್ಮಿಯ ಕಾಳಿಂಗ ನಾವಡರು ಮಾರ್ವಿ ನಾರಣಪ್ಪ ಉಪ್ಪೂರರ ಶಿಷ್ಯರು. ಸಾಲಿಗ್ರಾಮ ಮೇಳದ ಭಾಗವತರಾಗಿ ಯುವಜನರನ್ನು ಡೇರೆಗೆ ಸೆಳೆದವರು. 1990ರ ಮೇ ತಿಂಗಳಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ ಇನ್ನೂ 32 ತುಂಬಿರಲಿಲ್ಲ. ಅವರ ಕಂಠ ಮೈಕಿನ ಕಾಲದ್ದು. ಕ್ಯಾಸೆಟ್ಟುಗಳ ಮೂಲಕ ಅದು ಡೇರೆಯನ್ನೂ ದಾಟಿ ಮನೆ ಮನೆಗೆ ಹೋಯಿತು.

ಹೊಸ ವಾದ್ಯಗಳ ಪ್ರಯೋಗವೂ ಈ ಸೀಮೆಗೆ ಅಪರಿಚಿತವಲ್ಲ. ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ತಮ್ಮ ಯಕ್ಷಗಾನ ಪ್ರಯೋಗಗಳಲ್ಲಿ ಪಿಟೀಲು, ಸ್ಯಾಕ್ಸೋಫೋನುಗಳನ್ನು ತಂದರು. ಗಿಟಾರ್ ಬಂದದ್ದು ಬೇರೆ ಬಾಗಿಲುಗಳಿಂದ: ಚಲನಚಿತ್ರ ಗೀತೆಗಳ ರಸಮಂಜರಿಯಿಂದ ಮತ್ತು ಇಗರ್ಜಿಯಿಂದ. ಆದರೆ ಬಂದ ಮೇಲೆ ಅದೂ ಮೇಳದಂತೆಯೇ ತಿರುಗಾಟಕ್ಕೆ ಬಿತ್ತು. ಅದೂ ಹಳೆಯ ತೂಕದ ಪ್ರಶ್ನೆಯನ್ನೇ ಎದುರಿಸಬೇಕಾಯಿತು.

ಗಿಟಾರಿನ ಅದೃಷ್ಟ

ವಿದ್ಯುತ್ ಗಿಟಾರ್ ಹುಟ್ಟಿದ್ದೇ ದನಿ ಸಾಲದೆಂಬ ಕೊರಗಿನಿಂದ. ವಾದ್ಯವೃಂದದಲ್ಲಿ ಕಹಳೆಗಳ ಮುಂದೆ ಅದರ ತಂತಿಯ ಸದ್ದು ಕೇಳುತ್ತಿರಲಿಲ್ಲ. 1932ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ‘ಫ್ರೈಯಿಂಗ್ ಪ್ಯಾನ್’ ಎಂಬ ಅಡ್ಡಹೆಸರಿನ ಗಿಟಾರ್, ಕಾಯಿಸುವ ಬಾಣಲೆಯಂತೆಯೇ ಕಾಣುತ್ತಿತ್ತು. ತಂತಿಯ ಕಂಪನವನ್ನು ಅಯಸ್ಕಾಂತದಿಂದ ವಿದ್ಯುತ್ತಾಗಿಸುತ್ತಿತ್ತು.

ಮುಂದೆ ಶಬ್ದದ ಪೈಪೋಟಿ ಎಲ್ಲಿಗೆ ಮುಟ್ಟಿತೆಂಬುದಕ್ಕೆ ಲಂಡನ್ನಿನ ಒಂದು ಪ್ರಸಂಗ ಪ್ರಸಿದ್ಧ. 1965ರ ಸುಮಾರಿಗೆ ‘ದ ಹೂ’ ತಂಡದ ಪೀಟ್ ಟೌನ್‌ಶೆಂಡ್, ಜಿಮ್ ಮಾರ್ಷಲ್ ಅವರಿಂದ 12 ಇಂಚಿನ 8 ಸ್ಪೀಕರುಗಳನ್ನು ಒಂದೇ ಪೆಟ್ಟಿಗೆಯಲ್ಲಿ ಮಾಡಿಸಿಕೊಂಡರು. ತಂಡದ ಸಾಮಾನು ಹೊರುವವರು ಸೋತುಹೋದರು. ಕಡೆಗೆ ಅದನ್ನು ನಾಲ್ಕು ನಾಲ್ಕು ಸ್ಪೀಕರುಗಳ ಎರಡು ಪೆಟ್ಟಿಗೆಯಾಗಿಸಿ ಒಂದರ ಮೇಲೊಂದು ಪೇರಿಸಲಾಯಿತು. ರಾಕ್ ಸಂಗೀತದ ಫೋಟೋಗಳಲ್ಲಿ ಕಾಣುವ ಆ ಕಪ್ಪು ಗೋಡೆಯ ಹಿಂದೆ ಹೊರುವವರ ಬೆನ್ನುನೋವು ಇದೆ! ತಲೆಹೊರೆಯ ಮೇಳದವರು ಇದನ್ನು ಕೇಳಿದ್ದರೆ ನಕ್ಕು ತಲೆದೂಗುತ್ತಿದ್ದರು.

ಆದರೆ ಹಾಫ್‌ಮನ್ ಕಟ್ಟಳೆಯ ಮುಂದೆ ಗಿಟಾರಿಗೆ ಒಂದು ಅದೃಷ್ಟವಿದೆ. ಅದರ ಅತಿ ದಪ್ಪ ತಂತಿಯ ಸ್ವರ ಸೆಕೆಂಡಿಗೆ ಸುಮಾರು 82 ಕಂಪನಗಳದ್ದು. ಅದಕ್ಕಿಂತ ಆಳ ಗಿಟಾರಿಗೆ ಬೇಕಿಲ್ಲ. ಮೇಲ್ಬದಿಯಲ್ಲೂ ಗಿಟಾರ್ ಸ್ಪೀಕರುಗಳು ಸುಮಾರು 5,000 ಕಂಪನಗಳ ಆಚೆಗೆ ಮಂದವಾಗುತ್ತವೆ. ತಂತಿಯ ಕರ್ಕಶವನ್ನು ಆ ಮಂದತನವೇ ಮೆದುಗೊಳಿಸುತ್ತದೆ. ಅಂದರೆ ಆಳವನ್ನು ಬಿಟ್ಟುಕೊಟ್ಟರೂ ಗಿಟಾರ್ ಕಳೆದುಕೊಳ್ಳುವುದು ಅತ್ಯಲ್ಪ. ಚಿಕ್ಕ ಪೆಟ್ಟಿಗೆ, ಸಾಕಷ್ಟು ಶಬ್ದ, ಎರಡೂ ಅದಕ್ಕೆ ಸಿಗುತ್ತವೆ. ಮದ್ದಳೆಗೆ ದಕ್ಕದ ಭಾಗ್ಯ ಇದು.

ಕೊಳ್ಳುವಾಗ ಕೇಳಬೇಕಾದ್ದು

ಹಾಗಾದರೆ ಪೆಟ್ಟಿಗೆಯನ್ನು ಆರಿಸುವುದು ಹೇಗೆ? ಮೊದಲು ನೋಡಬೇಕಾದದ್ದು ಸ್ಪೀಕರಿನ ಸಂವೇದನೆ. ಒಂದು ವ್ಯಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಎಂದು ಸ್ಪೀಕರಿನ ವಿವರಪತ್ರದಲ್ಲಿ ಬರೆದಿರುತ್ತದೆ. ಮನೆಯ ಪುಟ್ಟ ಮ್ಯೂಸಿಕ್ ಸ್ಪೀಕರಿಗೆ ಅದು 88ರ ಆಸುಪಾಸು. 12 ಇಂಚಿನ ಒಳ್ಳೆಯ ಗಿಟಾರ್ ಸ್ಪೀಕರಿಗೆ 98ರ ಆಸುಪಾಸು. ಈ 10 ಡೆಸಿಬೆಲ್ ಅಂತರ ಎಂದರೆ ಶಕ್ತಿಯಲ್ಲಿ ಹತ್ತು ಪಟ್ಟು. 98ರ ಸ್ಪೀಕರಿಗೆ 20 ವ್ಯಾಟ್ ಕೊಟ್ಟರೆ ಬರುವ ಶಬ್ದ 88ರದ್ದರಿಂದ ಬರಬೇಕಾದರೆ 200 ವ್ಯಾಟ್ ಬೇಕು. ಬರೀ ವ್ಯಾಟ್ ನೋಡಿ ಕೊಂಡವರು ಮೋಸ ಹೋಗುವುದು ಇಲ್ಲೇ.

ಎರಡನೆಯದು ಅಳತೆ. 8 ಇಂಚಿನ ಸ್ಪೀಕರ್ ಮನೆಯ ಅಭ್ಯಾಸಕ್ಕೆ ಸಾಕು. 10 ಇಂಚಿನದು ಚುರುಕು ದನಿಯದು, ಸಣ್ಣ ಸಭೆಗೆ ಒಪ್ಪುತ್ತದೆ. ತುಂಬು ದನಿ ಬೇಕಾದರೆ 12 ಇಂಚಿನದು ಒಂದು ಸಾಕು, ಎರಡರ ಹಂಬಲ ಬೇಡ. ತೂಕದ ಬಹುಪಾಲು ಅಯಸ್ಕಾಂತದ್ದು. 1980ರ ದಶಕದ ಮೊದಲ ವರ್ಷಗಳಲ್ಲಿ ಜಪಾನ್ ಮತ್ತು ಅಮೆರಿಕದಲ್ಲಿ ರೂಪುಗೊಂಡ ನಿಯೋಡಿಮಿಯಮ್ ಅಯಸ್ಕಾಂತ ಇಲ್ಲಿ ನೆರವಿಗೆ ಬಂದಿದೆ. ಸಾಮಾನ್ಯ ಅಯಸ್ಕಾಂತದ 12 ಇಂಚಿನ ಸ್ಪೀಕರ್ ನಾಲ್ಕೈದು ಕಿಲೋ ತೂಗಿದರೆ ಇದರದ್ದು ಎರಡು ಕಿಲೋ ಆಸುಪಾಸು. ಬೆಲೆ ಮಾತ್ರ ಹೆಚ್ಚು.

ಮೂರನೆಯದು ಪೆಟ್ಟಿಗೆಯ ಬೆನ್ನು. ಹಿಂಬದಿ ತೆರೆದಿದ್ದರೆ ದನಿ ಸುತ್ತಲೂ ಹರಡುತ್ತದೆ, ಕೋಣೆಗೆ ಹಿತ, ಪೆಟ್ಟಿಗೆಯೂ ಹಗುರ. ಮುಚ್ಚಿದ್ದರೆ ದನಿ ಮುಂದಕ್ಕೆ ಬಿಗಿಯಾಗಿ ಬರುತ್ತದೆ, ಕೆಳಸ್ಥಾಯಿ ಗಟ್ಟಿ. ಮರದ ವಿಷಯದಲ್ಲಿ ಕರಾವಳಿಯವರು ವಿಶೇಷ ಎಚ್ಚರ ವಹಿಸಬೇಕು. ಮರದ ಪುಡಿ ಒತ್ತಿ ಮಾಡಿದ ಹಲಗೆ ಅಗ್ಗ, ಆದರೆ ನಮ್ಮ ಮಳೆಗಾಲದ ತೇವಕ್ಕೆ ಅಂಚು ಉಬ್ಬಿ ಸ್ಕ್ರೂ ಸಡಿಲಾಗುತ್ತದೆ. ಒಳ್ಳೆಯ ಪ್ಲೈವುಡ್ ಹಗುರವೂ ಹೌದು, ಬಾಳಿಕೆಯೂ ಹೌದು.

ನಾಲ್ಕನೆಯದು ಓಮ್ ಲೆಕ್ಕ. ಆಂಪ್ಲಿಫೈಯರ್ 8 ಓಮ್ ಕೇಳಿದರೆ 8 ಓಮ್ ಪೆಟ್ಟಿಗೆಯನ್ನೇ ಕೊಡಬೇಕು. 8 ಓಮ್‌ನ ಎರಡು ಪೆಟ್ಟಿಗೆಗಳನ್ನು ಸಮಾನಾಂತರವಾಗಿ ಜೋಡಿಸಿದರೆ ಅದು 4 ಓಮ್ ಆಗುತ್ತದೆ. ಅದನ್ನು ತಾಳಲಾರದ ಆಂಪ್ಲಿಫೈಯರ್ ಸುಟ್ಟುಹೋಗಬಹುದು. ವಾಲ್ವ್ ಆಂಪ್ಲಿಫೈಯರನ್ನಂತೂ ಸ್ಪೀಕರ್ ಜೋಡಿಸದೆ ಎಂದೂ ನುಡಿಸಬಾರದು.

ಕೊನೆಯದು ಖರ್ಚಿಲ್ಲದ ಉಪಾಯ. ನೆಲದ ಮೇಲಿಟ್ಟ ಪೆಟ್ಟಿಗೆ ನುಡಿಸುವವನ ಮೊಣಕಾಲಿಗೆ ಹಾಡುತ್ತದೆ. ತನಗೆ ಕೇಳುತ್ತಿಲ್ಲವೆಂದು ಅವನು ಶಬ್ದ ಏರಿಸುತ್ತಾನೆ, ಎದುರು ಸಾಲಿನವರ ಕಿವಿ ಚುಚ್ಚುತ್ತದೆ. ಪೆಟ್ಟಿಗೆಯನ್ನು ಒಂದು ಸ್ಟೂಲಿನ ಮೇಲಿಟ್ಟರೆ ಅಥವಾ ಹಿಂದಕ್ಕೆ ಓರೆ ಮಾಡಿದರೆ ಅರ್ಧ ಶಬ್ದಕ್ಕೇ ಕೆಲಸ ಮುಗಿಯುತ್ತದೆ.

ಹತ್ತು ಗಂಟೆಯ ನಂತರ

ಬಯಲನ್ನೇ ತುಂಬಲು ಹೊರಟರೆ ಯಾವ ಪುಟ್ಟ ಪೆಟ್ಟಿಗೆಯೂ ಸೋಲುತ್ತದೆ. ಗೋಡೆಗಳಿಲ್ಲದ ಕಡೆ ದೂರ ಇಮ್ಮಡಿಯಾದಂತೆಲ್ಲ ಶಬ್ದ 6 ಡೆಸಿಬೆಲ್ ಇಳಿಯುತ್ತದೆ. ಒಂದು ಮೀಟರಿನಲ್ಲಿ 100 ಇದ್ದದ್ದು 32 ಮೀಟರಿನಲ್ಲಿ 70. ಅದನ್ನು ಮೀರಲು ಹಿಂದಿನವರು ಹಾರ್ನಿನ ಮೇಲೆ ಹಾರ್ನ್, ಪೆಟ್ಟಿಗೆಯ ಮೇಲೆ ಪೆಟ್ಟಿಗೆ ಪೇರಿಸಿದರು. ‘ಮೈಕಾಸುರ’ ಎಂಬ ಕುಚೋದ್ಯದ ಮಾತು ಕನ್ನಡದಲ್ಲಿ ಹುಟ್ಟಿದ್ದು ಸುಮ್ಮನೆ ಅಲ್ಲ. ಹಾರ್ನ್, ಡೇರೆ ಎರಡೂ ಕಾಲಗಳು ಬಿಟ್ಟುಕೊಡಲೊಪ್ಪದ ಒಂದೇ ಸಂಗತಿ ದೊಡ್ಡ ಶಬ್ದ. ಅದರ ಬೆಲೆ ತೆತ್ತವರು ನಿದ್ದೆಗೆಟ್ಟ ನೆರೆಹೊರೆಯವರು, ರೋಗಿಗಳು, ಪರೀಕ್ಷೆಗೆ ಓದುವ ಮಕ್ಕಳು.

2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕಕ್ಕೆ ತಡೆ ಹಾಕಿದವು. ಜನವಸತಿಯ ಪ್ರದೇಶದಲ್ಲಿ ರಾತ್ರಿಯ ಮಿತಿ 45 ಡೆಸಿಬೆಲ್. 2005ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ತನ್ನ ತೀರ್ಪಿನಲ್ಲಿ ಈ ಕಟ್ಟುಪಾಡನ್ನು ಬಲಪಡಿಸಿತು. ಇರುಳಿಡೀ ನಡೆಯುವುದೇ ಲಕ್ಷಣವಾದ ಕಲೆಗೆ ಇದು ಸಣ್ಣ ಪೆಟ್ಟಲ್ಲ. ದಕ್ಷಿಣ ಕನ್ನಡದ ಕಟೀಲು ಮೇಳ 2022ರ ನವೆಂಬರಿನಲ್ಲಿ ರಾತ್ರಿಯಿಡೀ ಆಟವನ್ನು ಬಿಟ್ಟು ಕಾಲಮಿತಿಗೆ ಹೊರಳಿದ್ದು ಇದೇ ನಿಯಮದ ಕಾರಣಕ್ಕೆ. ಭಕ್ತರ ಅಸಮಾಧಾನ ಮುಂದೆ ಹೈಕೋರ್ಟಿನ ಮೆಟ್ಟಿಲನ್ನೂ ಏರಿತು. ಹರಕೆಯ ಆಟವೇ ಉಸಿರಾದ ಮಂದಾರ್ತಿ, ಮಾರಣಕಟ್ಟೆಗಳ ಸೀಮೆಗೂ ಇದು ದೂರದ ಸುದ್ದಿಯಲ್ಲ. ಇರುಳು ಉಳಿಯಬೇಕೋ, ಶಬ್ದ ಉಳಿಯಬೇಕೋ ಎಂಬ ಪ್ರಶ್ನೆ ಅದರೊಳಗಿದೆ.

ಹಾಫ್‌ಮನ್ ಮೂರರಲ್ಲಿ ಶಬ್ದವನ್ನೇ ಬಿಟ್ಟುಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಕರ್ನಾಟಕದಲ್ಲೇ ಒಂದು ಮಾದರಿ ಇದೆ. ಬೆಂಗಳೂರಿನ ಕೊಳಲುವಾದಕರೂ ಇಂಜಿನಿಯರೂ ಆದ ಜಿ. ರಾಜ್ ನಾರಾಯಣ್ 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿಯನ್ನು ರೂಪಿಸಿದರು. ಅವರ ‘ರಾಡೆಲ್’ ಪೆಟ್ಟಿಗೆಗಳು ಕಛೇರಿಗಳಿಗೆ ಚೀಲದಲ್ಲಿ ಹೋಗುತ್ತವೆ. ಅದರೊಳಗಿನ ಸ್ಪೀಕರ್ ಸಭೆಗಾಗಿ ಇರುವುದಲ್ಲ. ಪಕ್ಕದಲ್ಲಿ ಕುಳಿತ ಗಾಯಕರಿಗೆ ಶ್ರುತಿ ಕೇಳಿದರೆ ಅದರ ಕೆಲಸ ಮುಗಿಯಿತು. ಸಭೆಗೆ ಬೇಕಾದರೆ ಅದರ ಮುಂದೊಂದು ಮೈಕು ಇಟ್ಟರಾಯಿತು.

ಗಿಟಾರ್ ಪೆಟ್ಟಿಗೆಯನ್ನು ಆರಿಸುವ ಗುಟ್ಟೂ ಇದೇ. ಅದು ಬೈಂದೂರಿನ ಬಯಲಿನ ಕೊನೆಯ ಸಾಲಿಗೆ ಕೇಳಬೇಕಾಗಿಲ್ಲ. ನುಡಿಸುವವನಿಗೆ, ಪಕ್ಕದ ತಬಲದವನಿಗೆ, ಹಾಡುವವರಿಗೆ ಕೇಳಿದರೆ ಸಾಕು. ಮುಂದಿನದನ್ನು ಅದರೆದುರಿನ ಮೈಕು ನೋಡಿಕೊಳ್ಳುತ್ತದೆ. ಬಯಲಿನಲ್ಲೂ ಎರಡು ಬೃಹತ್ ಪೆಟ್ಟಿಗೆಗಳ ಬದಲು ಜನರ ನಡುವೆ ಅಲ್ಲಲ್ಲಿ ಹತ್ತಿರದಿಂದ ಮೆಲ್ಲಗೆ ನುಡಿಯುವ ಸಣ್ಣ ಪೆಟ್ಟಿಗೆಗಳನ್ನು ಹಂಚಿಟ್ಟರೆ ಕೇಳಬೇಕಾದವರಿಗೆ ಕೇಳುತ್ತದೆ, ಮಲಗಿದವರ ಮನೆಗೆ ಹೋಗುವ ಶಬ್ದ ತಗ್ಗುತ್ತದೆ. 45 ಡೆಸಿಬೆಲ್ಲಿನ ಮಿತಿಯೂ ರಾತ್ರಿಯ ತಡೆಯೂ ಇದರಿಂದ ಬಗೆಹರಿಯುವುದಿಲ್ಲ. ಆದರೆ ಆಟದವರಿಗೂ ನೆರೆಯವರಿಗೂ ನಡುವಿನ ಜಗಳ ಅಷ್ಟರಮಟ್ಟಿಗೆ ಮೆತ್ತಗಾದೀತು.

ತಲೆಹೊರೆಯ ಕಾಲದ ಮೇಳಕ್ಕೆ ಈ ಮಾತು ಗೊತ್ತಿತ್ತು. ದನಿ ದೂರ ಹೋಗದಿದ್ದಾಗ ಜನ ಹತ್ತಿರ ಬರುತ್ತಿದ್ದರು. ‘ಹ್ವಾಯ್’ ಎಂದು ಕರೆದವನೂ ಆಚೆ ದಡದಿಂದ ಉತ್ತರ ಬಂದ ಮೇಲೆ ಕೂಗುತ್ತಲೇ ಇರುತ್ತಿರಲಿಲ್ಲ. ದೋಣಿ ದಡ ಮುಟ್ಟಿದ ಮೇಲೆ ಮಾತು ಮೆಲ್ಲಗೇ ನಡೆಯುತ್ತಿತ್ತು.